ಬಂಗ್ಡೆ ಡಬ್ಬಿಯ ಬೈಗೆ

ಕೋಡಿ, ಕುಂದಾಪುರ
೯–೯–೨೦೨೫, ಮಂಗಳವಾರ

ಪ್ರೀತಿಯ ಪೂಜಿಗೆ,

ಹೇಗಿದ್ದೀ ಮಗಾ? ಬೂಟು ಕಚ್ಚಿ ಹಿಮ್ಮಡಿ ಹುಣ್ಣಾಗಿದೆ ಎಂದು ಬರೆದಿದ್ದೆಯಲ್ಲ, ಅದು ಮಾಸಿತೇ? ಬೆಳಿಗ್ಗೆ ಈಗಲೂ ಅಷ್ಟೇ ಓಡಿಸುತ್ತಾರೆಯೇ? ಓಡು, ಓಡು. ಕೋಡಿಯ ಕಡಲದಂಡೆಯ ಹೊಯಿಗೆಯಲ್ಲಿ ಓಡಿ ಬೆಳೆದ ಕಾಲು ಅದು, ಒಡಿಶಾದ ಮೈದಾನಕ್ಕೆ ಹೆದರಬಾರದು. ಅಲ್ಲಿ ಕುಚ್ಚಲಕ್ಕಿ ಗಂಜಿ ಸಿಗುವುದಿಲ್ಲ ಎಂಬ ಸಾಲನ್ನು ನಿನ್ನ ಅಮ್ಮ ಗಟ್ಟಿಯಾಗಿ ಓದಿದ ಮೇಲೆ ನಿನ್ನ ಅಜ್ಜಿ ಪದ್ದು ಎರಡು ದಿನ ಇಡೀ ನೌಕಾದಳಕ್ಕೇ ಶಾಪ ಹಾಕಿದಳು. ‘ಸಮುದ್ರದ್ ಮೇಲ್ ಇಪ್ಪರಿಗೆ ಗಂಜಿ ಇಲ್ಲೆ ಅಂದ್ರೆ ಅದೆಂತ ಸರ್ಕಾರ?’ ಎಂಬುದು ಅವಳ ಪ್ರಶ್ನೆ. ನಿಮ್ಮ ದೊಡ್ಡ ಸಾಹೇಬರನ್ನು ಕೇಳಿ ನೀನೇ ತಿಳಿಸು.

ಇಲ್ಲಿ ಎಲ್ಲರೂ ಸೌಖ್ಯ. ನಿನ್ನ ಅಪ್ಪ ಕಿಟ್ಟ ಮತ್ತೆ ಬೋಟಿಗೆ ಹೋಗಲು ಶುರು ಮಾಡಿ ತಿಂಗಳ ಮೇಲಾಯಿತು. ನಿನ್ನ ಅಮ್ಮ ವನಜಳಿಗೆ ಗೇರುಬೀಜದ ಕಾರ್ಖಾನೆಯಲ್ಲಿ ವಾರದ ರಜೆಯನ್ನು ಬುಧವಾರಕ್ಕೆ ಬದಲಿಸಿದ್ದಾರೆ. ಈ ಬುಧವಾರದ ರಜೆ ನನ್ನ ಕಥೆಗೆ ಬೇಕು, ನೆನಪಿಟ್ಟುಕೋ. ಬಸ್‌ಸ್ಟ್ಯಾಂಡಿನ ಹಿಂದಿನ ನನ್ನ ರೇಡಿಯೋ, ಟೀವಿ ರಿಪೇರಿ ಅಂಗಡಿಯ ಮೆಟ್ಟಿಲ ಮೇಲೆ ಮಲಗುವ ನಾಯಿ, ನೀನೇ ಟೈಗರ್ ಎಂದು ಹೆಸರಿಟ್ಟದ್ದು, ಅದೂ ಚೆನ್ನಾಗಿದೆ. ಅದೂ ಕಥೆಗೆ ಬೇಕು. ಭಾನುವಾರ ಫೋನ್ ಇರುವಾಗ ಕಾಗದ ಏಕೆ ಎನ್ನುತ್ತೀಯೋ ಏನೋ. ನಿಮ್ಮಲ್ಲಿ ವಾರಕ್ಕೆ ಹತ್ತು ನಿಮಿಷ ಫೋನ್ ಕೈಗೆ ಕೊಡುತ್ತಾರೆ. ಅದರಲ್ಲಿ ಎಂಟು ನಿಮಿಷ ಅಜ್ಜಿಯದು. ನಾನಂತೂ ಮಾತಾಡುವುದೇ ಇಲ್ಲ, ‘ಹೂಂ, ಅಜ್ಜಿಗ್ ಕೊಡ್ತೆ’ ಎಂದು ದಾಟಿಸಿಬಿಡುತ್ತೇನೆ ಎಂದು ನಿನಗೆ ಬೇಸರವಿದೆ, ನಿನ್ನ ಅಮ್ಮ ಹೇಳಿದಳು. ಅದಕ್ಕೊಂದು ಕಾರಣ ಇತ್ತು. ಅದನ್ನು ಸ್ಪೀಕರ್ ಹಾಕಿ ಮನೆಯವರೆಲ್ಲ ಸುತ್ತ ಕೂತಿರುವಾಗ ಹೇಳಲು ಬರುವಂತಿರಲಿಲ್ಲ.

ಮೊದಲು ಸಿಹಿ ಸುದ್ದಿ ಹೇಳಿಬಿಡುತ್ತೇನೆ. ನಿನ್ನ ಅಜ್ಜನ ತಲೆ ಸರಿ ಇದೆ. ನಗಬೇಡ. ಆಗಸ್ಟ್ ತಿಂಗಳಲ್ಲಿ ಮೂರು ವಾರ ನಾನು ಅದು ಸರಿ ಇಲ್ಲವೆಂದೇ ತಿಳಿದಿದ್ದೆ. ಯಾರಿಗೂ ಹೇಳಿರಲಿಲ್ಲ. ನಿನಗೇ ಮೊದಲು ಹೇಳುತ್ತಿದ್ದೇನೆ, ಏಕೆಂದರೆ ಅದನ್ನು ಸರಿ ಮಾಡಿದ್ದರಲ್ಲಿ ನಿನ್ನ ಹಳೆಯ ಲ್ಯಾಪ್‌ಟಾಪಿಗೂ ಪಾಲಿದೆ.

ಬ್ರಹ್ಮಾವರದ ಜಲಜಕ್ಕ, ನನ್ನ ದೊಡ್ಡಕ್ಕ, ಸೊಂಟದ ಮೂಳೆ ಮುರಿದು ಮಲಗಿದಲ್ಲೇ ಇದ್ದಾಳೆ, ನಿನಗೆ ಗೊತ್ತು. ಸ್ವರ ತೀರ ಸಣ್ಣದಾಗಿದೆ. ನೀರು ಬೇಕಾದರೆ ಹಿತ್ತಿಲಲ್ಲಿರುವ ಸೊಸೆಯನ್ನು ಕರೆಯಲಾಗುವುದಿಲ್ಲ. ಮನೆಯವರು ಅಂಗಡಿಯಿಂದ ಒಂದು ಬೆಲ್ ತಂದು ಮಂಚಕ್ಕೆ ಕಟ್ಟಿದ್ದರು. ಒತ್ತಿದರೆ ಅದು ಹಕ್ಕಿಯ ಹಾಗೆ ಚಿಲಿಪಿಲಿ ಎನ್ನುತ್ತದೆ. ಹಿತ್ತಿಲ ತುಂಬ ನಿಜವಾದ ಹಕ್ಕಿಗಳೇ ಇರುವಾಗ ಯಾರು ಓಡಿ ಬರುತ್ತಾರೆ? ಒಂದು ದಿನ ಪಾಪ, ಮಧ್ಯಾಹ್ನವೆಲ್ಲ ಹಕ್ಕಿ ಕೂಗಿಸಿ ಕೂಗಿಸಿ ಬಾಯಾರಿ ಮಲಗಿದಳಂತೆ. ಜುಲೈ ಕೊನೆಯಲ್ಲಿ ನೋಡಲು ಹೋದಾಗ ನನ್ನ ಕೈ ಹಿಡಿದು, ‘ಸುಬ್ಬ, ನೀ ಒಂದ್ ಮಾಡಿ ಕೊಡ್, ಮನ್ಷರ ಗಂಟಿ’ ಎಂದಳು. ಹಕ್ಕಿಯದಲ್ಲ, ಮನುಷ್ಯರನ್ನು ಕರೆಯುವ ಗಂಟೆ ಎಂದು ಅವಳ ಅರ್ಥ. ನಾಲ್ಕು ದಿನದಲ್ಲಿ ತರುತ್ತೇನೆ ಎಂದು ಎದೆ ತಟ್ಟಿ ಬಂದೆ. ಏಕೆಂದರೆ ಅದು ಎರಡು ಟ್ರಾನ್ಸಿಸ್ಟರಿನ ಆಸಿಲೇಟರ್, ಹದಿನೇಳನೇ ವಯಸ್ಸಿನಲ್ಲಿ ನಾನು ಕಲಿತ ಮೊದಲ ಸರ್ಕ್ಯೂಟ್. ನಿನಗೂ ನಾನು ಮೊದಲು ಕಲಿಸಿದ್ದು ಅದೇ. ಇಬ್ಬರು ಹೆಂಗಸರು ಒಂದೇ ಒರಳಲ್ಲಿ ಅವಲಕ್ಕಿ ಕುಟ್ಟುವ ಹಾಗೆ, ಒಬ್ಬಳ ಒನಕೆ ಮೇಲೆ ಹೋದಾಗ ಇನ್ನೊಬ್ಬಳದು ಕೆಳಗೆ ಎಂದು ಹೇಳಿಕೊಟ್ಟಿದ್ದೆ, ನೆನಪಿದೆಯಲ್ಲ? ಒಂದು ಟ್ರಾನ್ಸಿಸ್ಟರ್ ಹೊತ್ತಿದರೆ ಇನ್ನೊಂದು ಆರುತ್ತದೆ, ಅದು ಹೊತ್ತಿದರೆ ಇದು ಆರುತ್ತದೆ. ಸೆಕೆಂಡಿಗೆ ಸಾವಿರ ಸಲ ಹೀಗಾದರೆ ಬಜರ್ ಬಿಲ್ಲೆ ‘ಪೀಂ’ ಎಂದು ಕೂಗುತ್ತದೆ. ಕಣ್ಣು ಕಟ್ಟಿದರೂ ಮಾಡಬಲ್ಲೆ ಎಂದುಕೊಂಡಿದ್ದೆ.

ಮಾಡಿದೆ. ಕೂಗಲಿಲ್ಲ. ನಾಲ್ಕು ಸೆಲ್ ಹಾಕಿ ಒತ್ತಿದರೆ ಉಸಿರೇ ಇಲ್ಲ. ಸೋಲ್ಡರ್ ಮತ್ತೆ ಮುಟ್ಟಿಸಿದೆ, ಇಲ್ಲ. ಬಿಲ್ಲೆಯನ್ನು ಬಿಚ್ಚಿ ಒಂದು ಹಳೆಯ ಅಲಾರಂ ಗಡಿಯಾರಕ್ಕೆ ಹಾಕಿ ನೋಡಿದೆ, ಅಲ್ಲಿ ಕೂಗಿತು. ಮೀಟರ್ ಹಿಡಿದರೆ ಎರಡು ಟ್ರಾನ್ಸಿಸ್ಟರ್‌ಗಳಲ್ಲೂ ಆರು ವೋಲ್ಟಿನ ಅರ್ಧ, ಮೂರು ಮೂರು ತೋರಿಸುತ್ತದೆ. ಹೊತ್ತಿದ್ದೂ ಅಲ್ಲ, ಆರಿದ್ದೂ ಅಲ್ಲ, ಇವೆರಡೂ ಕೆಟ್ಟಿವೆ ಎಂದುಕೊಂಡು ಬದಲಿಸಿದೆ. ನಾಲ್ಕು ಜೊತೆ ಟ್ರಾನ್ಸಿಸ್ಟರ್ ಬದಲಿಸಿದೆ ಪೂಜಿ! ಪ್ರತಿ ಸಲವೂ ಮೂರು ಮೂರೇ. ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ ಒಂದು ದಿನ ಸೆಲ್ಲನ್ನು ಬೈದೆ, ಒಂದು ದಿನ ಉಪ್ಪುಗಾಳಿಯನ್ನು ಬೈದೆ. ಸರ್ಕ್ಯೂಟಿನ ಅಲೆಯನ್ನು ಕಣ್ಣಿಗೆ ತೋರಿಸುವ ಸ್ಕೋಪ್ ಇದ್ದಿದ್ದರೆ ಐದು ನಿಮಿಷದ ಕೆಲಸ, ಆದರೆ ನಮ್ಮ ಸ್ಕೋಪ್ ಅದೇ ಉಪ್ಪುಗಾಳಿಗೆ ಸತ್ತು ಹನ್ನೆರಡು ವರ್ಷವಾಯಿತು. ಟೈಗರ್‌ನದು ಬೇರೆ ರಗಳೆ. ನಾನು ಬೋರ್ಡ್ ಕೈಗೆತ್ತಿಕೊಂಡು ಕೂತರೆ ಸಾಕು, ಎದ್ದು, ಕಿವಿ ಕೊಡವಿ, ರಸ್ತೆಯಾಚೆಯ ಜ್ಯೂಸ್ ಅಂಗಡಿಗೆ ಹೋಗಿ ಮಲಗುತ್ತಿತ್ತು. ನಾಯಿಗೂ ನನ್ನ ಕೆಲಸ ನೋಡಲು ಹೇಸಿಗೆಯಾಯಿತೇ ಎಂದುಕೊಂಡೆ. ಗಿರಾಕಿ ಬಂದರೆ ತಕ್ಷಣ ಸೆಲ್ ತೆಗೆದು ಬೋರ್ಡಿನ ಮೇಲೆ ಬಟ್ಟೆ ಮುಚ್ಚುತ್ತಿದ್ದೆ. ಐವತ್ತೈದು ವರ್ಷ ಇದೇ ಕೆಲಸ ಮಾಡಿದ ಮೆಕ್ಯಾನಿಕ್ಕಿಗೆ ಒಂದು ಗಂಟೆ ಕೂಗಿಸಲಾಗುತ್ತಿಲ್ಲ ಎಂದು ಊರಿಗೆ ತಿಳಿಯುವುದು ಬೇಡವಿತ್ತು.

ಇಷ್ಟೇ ಆಗಿದ್ದರೆ ನಾಚಿಕೆ, ಅಷ್ಟೆ. ಆದರೆ ನನ್ನೊಳಗೆ ಬೇರೆ ಹೆದರಿಕೆ ಕೂತಿತ್ತು. ಉಪ್ಪುಂದದ ನಿನ್ನ ಸೂರಜ್ಜ, ನನ್ನ ಅಣ್ಣ, ತೀರಿಹೋದಾಗ ನೀನು ಚಿಕ್ಕವಳು. ಬೈಂದೂರಿನಿಂದ ಗಂಗೊಳ್ಳಿಯ ತನಕ ಅವನ ಹಾಗೆ ಬಲೆ ಹೆಣೆಯುವವರು ಇರಲಿಲ್ಲ. ಒಂದು ಬೆಳಿಗ್ಗೆ ಚಾವಡಿಯಲ್ಲಿ ಹರಿದ ಬಲೆ ಹರಡಿಕೊಂಡು, ಬಲೆ ಹೆಣೆಯುವ ನೂಲಿನ ಮೊಳೆ ಕೈಯಲ್ಲಿ ಹಿಡಿದು, ಸುಮ್ಮನೆ ಕೂತಿದ್ದ. ನಾನು ಪಕ್ಕದಲ್ಲೇ ಇದ್ದೆ. ಬಹಳ ಹೊತ್ತಿನ ಮೇಲೆ, ‘ಸುಬ್ಬ, ಇದನ್ನ್ ಹ್ಯಾಂಗ್ ಕಟ್ಟುದ್?’ ಎಂದು ಕೇಳಿದ. ತಮಾಷೆ ಎಂದು ನಕ್ಕೆ. ಅದು ತಮಾಷೆಯಾಗಿರಲಿಲ್ಲ. ಬಲೆಯ ಗಂಟಿನಿಂದ ಶುರುವಾಗಿ ಎರಡು ವರ್ಷದಲ್ಲಿ ನನ್ನ ಹೆಸರಿನ ತನಕ ಎಲ್ಲವೂ ಅವನ ಕೈಬಿಟ್ಟು ಹೋಯಿತು. ಅವತ್ತು ನಕ್ಕದ್ದು ನನ್ನನ್ನು ಇವತ್ತಿಗೂ ಚುಚ್ಚುತ್ತದೆ. ಈಗ ನನ್ನ ಸರದಿ ಬಂತು, ಮೊದಲು ಕಲಿತದ್ದೇ ಮೊದಲು ಹೋಗುತ್ತಿದೆ ಎಂದುಕೊಂಡೆ.

ಜುಲೈಯಲ್ಲಿ ಸೋಲ್ಡರಿಂಗ್ ಐರನ್ ಆರಿಸದೆ ಮನೆಗೆ ಬಂದು ಮೇಜಿನ ಮೂಲೆ ಸುಟ್ಟದ್ದು ನಿನಗೆ ಗೊತ್ತು. ಆಮೇಲೆ ಮನೆಯಲ್ಲೂ ಹಾಗೇ. ನಿನ್ನ ಅಜ್ಜಿ ಹೇಳಿದ ಸಾಮಾನು ತರುತ್ತಿರಲಿಲ್ಲ. ‘ಬೆಳಿಗ್ಗೆ ಹೇಳಿದ್ನಲೆ, ಮರ್ತ್ ಹೋಯ್ತಾ?’ ಎಂದರೆ ಆ ಮಾತು ಆಡಿದ್ದೇ ನನ್ನ ನೆನಪಿನಲ್ಲಿ ಇರುತ್ತಿರಲಿಲ್ಲ. ಇನ್ನೊಂದೂ ಇತ್ತು, ಅದನ್ನು ಇಲ್ಲಿ ಬರೆಯುವುದಿಲ್ಲ. ನಿನ್ನ ಅಪ್ಪ ಒಂದು ಸಂಜೆ ಮೆತ್ತಗೆ ಬಂದು ಹತ್ತಿರ ಕೂತು, ‘ಅಪ್ಪಯ್ಯ, ಸಾಕ್ ಮಾಡುವ ಕಾಣಿ. ಇನ್ನ್ ಮನಿಯಂಗೆ ಆರಾಮ ಕೂಕಣಿ’ ಎಂದ. ಅವನ ಸ್ವರದಲ್ಲಿ ಸಿಟ್ಟಿರಲಿಲ್ಲ, ಕನಿಕರ ಇತ್ತು. ಸಿಟ್ಟಾದರೂ ತಡೆದುಕೊಳ್ಳುತ್ತಿದ್ದೆ. ನನಗೆ ಹಟ ಬಂತು. ‘ಚೌತಿ ಒಳಗೆ ಅಕ್ಕನ ಗಂಟಿ ಕೂಗದಿದ್ರೆ ಅಂಗಡಿ ಬೀಗದ್ ಕೈ ನಿಂಗೇ’ ಎಂದುಬಿಟ್ಟೆ. ಆಡಿದ ಮೇಲೆ ನಾಲಗೆ ಕಚ್ಚಿಕೊಂಡೆ, ಆದರೆ ಆಡಿಯಾಗಿತ್ತು.

ಚೌತಿಗೆ ಎಂಟೇ ದಿನ ಉಳಿದಾಗ ನಿನ್ನ ಲ್ಯಾಪ್‌ಟಾಪ್ ತೆರೆದೆ. ಹೋಗುವ ಮುಂಚೆ ಹದಿನೈದು ದಿನ ಪಕ್ಕದಲ್ಲಿ ಕೂರಿಸಿಕೊಂಡು ಸಿಮ್ಯುಲೇಶನ್ ಕಲಿಸಿದ್ದೆಯಲ್ಲ. ತೆರೆಯ ಮೇಲೆ ಸರ್ಕ್ಯೂಟ್ ಗೀಚಿದರೆ, ಸೋಲ್ಡರ್ ಮುಟ್ಟದೆಯೇ, ಅದು ನಡೆಯುತ್ತದೋ ಇಲ್ಲವೋ ಹೇಳುವ ವಿದ್ಯೆ. ಗಂಜಿಯ ಚಿತ್ರ ಬರೆದರೆ ಹೊಟ್ಟೆ ತುಂಬುತ್ತದೆಯೇ ಎಂದು ಆಗ ನಾನು ನಕ್ಕಿದ್ದೆ. ಈಗ ಅದೇ ಚಿತ್ರದ ಮುಂದೆ ಕನ್ನಡಕ ಒರೆಸಿಕೊಂಡು ಕೂತೆ. ಮೌಸ್ ಎಂಬ ಪ್ರಾಣಿ ನನ್ನ ಕೈಗೆ ಏಡಿಯ ಹಾಗೆ ಅಡ್ಡಡ್ಡ ಓಡುತ್ತದೆ. ಎರಡು ಟ್ರಾನ್ಸಿಸ್ಟರ್, ನಾಲ್ಕು ರೆಸಿಸ್ಟರ್, ಎರಡು ಕಂಡೆನ್ಸರ್ (ನೀನು ಕೆಪಾಸಿಟರ್ ಎನ್ನುತ್ತೀ, ನಮಗೆ ಅದು ಕಂಡೆನ್ಸರೇ) ಇಷ್ಟು ಕೂರಿಸಿ ತಂತಿ ಎಳೆಯುವಾಗ ಮಧ್ಯಾಹ್ನವಾಯಿತು. ಹಸಿರು ಗುಂಡಿ ಒತ್ತಿದೆ. ತೆರೆಯ ಮೇಲೆ ಅಲೆ ಬರಬೇಕಿತ್ತು. ಬಂದದ್ದು ರೈಲು ಹಳಿಯಂಥ ಎರಡು ನೆಟ್ಟಗಿನ ಗೆರೆ. ಮತ್ತೆ ಒತ್ತಿದೆ, ಮತ್ತೆ ಗೆರೆ.

ಆ ಹೊತ್ತಿನ ಹೆದರಿಕೆಯನ್ನು ನಿನಗೆ ಹೇಗೆ ಬರೆಯಲಿ? ಸೋಲ್ಡರ್ ಹಿಡಿಯದಿದ್ದರೆ ಅದು ಕೈಯ ತಪ್ಪು. ಕೈ ನಡುಗುವ ವಯಸ್ಸು, ಒಪ್ಪಿಕೊಳ್ಳುತ್ತೇನೆ. ಆದರೆ ಕಂಪ್ಯೂಟರಿನಲ್ಲಿ ನನ್ನ ಕೈಯಿಲ್ಲ, ಸೋಲ್ಡರ್ ಇಲ್ಲ, ಉಪ್ಪುಗಾಳಿ ಇಲ್ಲ. ಅಲ್ಲೂ ನಡೆಯುವುದಿಲ್ಲ ಎಂದರೆ ಸರ್ಕ್ಯೂಟನ್ನೇ ತಪ್ಪು ನೆನಪಿಟ್ಟುಕೊಂಡಿದ್ದೇನೆ ಎಂದಾಯಿತು. ಸೂರಣ್ಣನ ನೂಲಿನ ಮೊಳೆ ನನ್ನ ಕೈಗೆ ಬಂದ ಹಾಗಾಯಿತು. ಅವತ್ತು ಊಟಕ್ಕೆ ಮನೆಗೆ ಹೋಗಲಿಲ್ಲ. ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಕೂತು ಅತ್ತೆ. ನಿನ್ನ ಅಜ್ಜ ಅತ್ತದ್ದನ್ನು ನೀನು ನೋಡಿಲ್ಲ, ನೋಡುವುದೂ ಬೇಡ.

ಮರುದಿನ ಲ್ಯಾಪ್‌ಟಾಪನ್ನು ಶಾಶ್ವತವಾಗಿ ಮುಚ್ಚಿಡೋಣವೆಂದು ಹೊರಟೆ. ಅದನ್ನು ಆರಿಸುವುದು ಹೇಗೆಂದು ಮರೆತಿದ್ದೆ (ಅದಕ್ಕೂ ಹೆದರಿದೆ). ನೀನು ಬರೆದಿಟ್ಟ ನೋಟುಬುಕ್ಕು ತಿರುವಿದಾಗ ಒಂಬತ್ತನೇ ಪುಟ ಸಿಕ್ಕಿತು. ನಿನ್ನದೇ ಗುಂಡಗಿನ ಅಕ್ಷರ: ‘ಅಜ್ಜ, ಆಸಿಲೇಟರ್ ಹಾಕಿದಾಗ ಗೆರೆ ನೆಟ್ಟಗೆ ಬಂದರೆ ಗಾಬರಿ ಆಗಬೇಡಿ. ಕಂಪ್ಯೂಟರಿನಲ್ಲಿ ಎರಡು ಟ್ರಾನ್ಸಿಸ್ಟರ್‌ಗಳೂ ಪಡಿಯಚ್ಚು, ಒಂದು ಕೂದಲಿನಷ್ಟೂ ಹೆಚ್ಚುಕಮ್ಮಿ ಇಲ್ಲ. ನಿಮ್ಮ ಒನಕೆಯ ಹೆಂಗಸರು ನೀ ಮೊದಲು, ನೀ ಮೊದಲು ಎನ್ನುತ್ತ ನಿಂತಲ್ಲೇ ನಿಲ್ಲುತ್ತಾರೆ. ಒಂದು ರೆಸಿಸ್ಟರನ್ನು ಚೂರು ಬದಲಿಸಿ, ವೋಲ್ಟೇಜನ್ನು ಸೊನ್ನೆಯಿಂದ ಏರಿಸಿ. ಒಬ್ಬಳನ್ನು ಸ್ವಲ್ಪ ನೂಕಿದರೆ ಸಾಕು.’ ನೂಕಿದೆ. ಒಂದು ಕಡೆ ಆರು ಸಾವಿರದ ಎಂಟುನೂರು ಇದ್ದದ್ದನ್ನು ಆರು ಸಾವಿರದ ಏಳುನೂರು ಮಾಡಿದೆ. ಗುಂಡಿ ಒತ್ತಿದೆ. ಎರಡು ಗೆರೆಗಳೂ ಒಂದು ಕ್ಷಣ ತಡೆದು, ಆಮೇಲೆ ಒಂದು ಮೇಲೆ, ಒಂದು ಕೆಳಗೆ! ಸೆಕೆಂಡಿಗೆ ಸಾವಿರದ ಅರವತ್ತು ಸಲ! ನನ್ನ ಸರ್ಕ್ಯೂಟ್ ಸರಿ ಇತ್ತು ಪೂಜಿ. ಹುಟ್ಟಿದ ಮೇಲೆ ಮೊದಲ ಸಲ ಕಂಪ್ಯೂಟರಿಗೆ ಕೈಮುಗಿದೆ. ಕಂಪ್ಯೂಟರಿಗಲ್ಲ, ಆ ಒಂಬತ್ತನೇ ಪುಟಕ್ಕೆ.

ಆದರೆ ಬೋರ್ಡು? ಅದು ಮೊದಲಿನ ಹಾಗೇ ಮೂಕ. ಕಂಪ್ಯೂಟರಿನಲ್ಲೂ ಮೀಟರ್ ಇಡಬಹುದೆಂದು ನೀನು ತೋರಿಸಿದ್ದೆಯಲ್ಲ, ಇಟ್ಟೆ. ಮೂರು ವೋಲ್ಟ್ ತೋರಿಸಿತು. ಒನಕೆ ಅರ್ಧ ಹೊತ್ತು ಮೇಲೆ, ಅರ್ಧ ಹೊತ್ತು ಕೆಳಗೆ ಇದ್ದರೆ ಮೀಟರಿಗೆ ಕಾಣುವುದು ನಡುವಿನದ್ದು ತಾನೆ? ನನ್ನ ಬೋರ್ಡಿನಲ್ಲೂ ಮೂರೇ ಇತ್ತು. ನಿಂತುಹೋದ ಸರ್ಕ್ಯೂಟ್ ಆಗಿದ್ದರೆ ಸೊನ್ನೆಯೋ ಆರೋ ಇರಬೇಕಿತ್ತು. ಅಂದರೆ ಕಂಪ್ಯೂಟರಿನ ಲೆಕ್ಕದಲ್ಲಿ ನನ್ನ ಬೋರ್ಡು ನಡೆಯುತ್ತಿದೆ, ನನ್ನ ಕಿವಿಯ ಲೆಕ್ಕದಲ್ಲಿ ಸತ್ತಿದೆ. ನಾನು ಯಾರನ್ನು ನಂಬಿದೆ ಹೇಳು? ಎಪ್ಪತ್ತೆರಡು ವರ್ಷ ಜೊತೆಗಿದ್ದ ಕಿವಿಯನ್ನು. ‘ಸುಳ್ಳ, ನೀನೂ ಸುಳ್ಳ, ನಿನ್ ಮೀಟ್ರೂ ಸುಳ್ಳ್’ ಎಂದು ಕಂಪ್ಯೂಟರಿಗೆ ಬೈದು, ಬೋರ್ಡನ್ನು ಹಾಗೇ ಒತ್ತಿ ಹಿಡಿದುಕೊಂಡು ಕೂತಿದ್ದೆ. ಟೈಗರ್ ಎಂದಿನಂತೆ ಎದ್ದು ಹೋಗಿಯಾಗಿತ್ತು.

ಅದು ಬುಧವಾರ, ಚೌತಿಗೆ ಸರಿಯಾಗಿ ಒಂದು ವಾರ. ಹಿಂದಿನ ದಿನ ನಾನು ಊಟಕ್ಕೆ ಹೋಗದ ಕಾರಣ, ರಜೆಯಲ್ಲಿದ್ದ ನಿನ್ನ ಅಮ್ಮ ಬುತ್ತಿ ಹಿಡಿದುಕೊಂಡು ಅಂಗಡಿಗೇ ಬಂದಳು. ಅಂಗಡಿಗೆ ಬರುವವಳೇ ಅಲ್ಲ ಅವಳು. ಮೆಟ್ಟಿಲ ಮೇಲೆ ಕಾಲಿಟ್ಟವಳೇ ಬುತ್ತಿಯನ್ನು ಕಂಕುಳಿಗೆ ಸಿಕ್ಕಿಸಿ ಎರಡು ಕೈಯಲ್ಲೂ ಕಿವಿ ಮುಚ್ಚಿಕೊಂಡಳು. ‘ಅಯ್ಯಬ್ಬ, ಮಾವ, ಅದೆಂತ ಕುಂಯ್ ಅಂಬ್ದ್? ನನ್ ಕೆಮಿ ಒಡಿತ್ತ್, ಒಂಚೂರ್ ನಿಲ್ಸಿ ಮಾರಾಯ್ರೆ!’ ನಾನು ಅವಳ ಮುಖ ನೋಡಿದೆ, ಬೋರ್ಡ್ ನೋಡಿದೆ. ಬೆರಳು ತೆಗೆದೆ. ಅವಳು ಕಿವಿಯಿಂದ ಕೈ ತೆಗೆದಳು. ಮತ್ತೆ ಒತ್ತಿದೆ. ಮತ್ತೆ ಮುಚ್ಚಿದಳು. ‘ವನಜ, ಒಂದ್ ಗಳ್ಗಿ ಗ್ವಾಡಿ ಬದಿಗ್ ತಿರ್ಗಿ ನಿಲ್ಲ್, ಶಬ್ದ ಕೇಂಡ್ರೆ ಕೈ ಎತ್ತ್’ ಎಂದೆ. ಮಾವನಿಗೆ ಏನೋ ಆಗಿದೆ ಎಂದುಕೊಂಡಳೋ ಏನೋ, ಆದರೆ ನಿಂತಳು. ಹತ್ತು ಸಲ ಒತ್ತಿದೆ, ಹತ್ತು ಸಲವೂ ಕೈ ಎತ್ತಿದಳು. ನಡುವೆ ಎರಡು ಸಲ ಮೋಸ ಮಾಡಿ ಒತ್ತಿದ ಹಾಗೆ ಮಾಡಿದೆ, ಎತ್ತಲಿಲ್ಲ. ನನಗೆ ಕೂತಲ್ಲೇ ನಗು ಬಂತು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ಅವಳು ಹೆದರಿ ನೀರು ಕುಡಿಸಿದಳು. ಟೈಗರ್‌ಗೆ ನನ್ನ ಕೆಲಸ ಹೇಸಿಗೆಯಾದದ್ದಲ್ಲ, ಪಾಪ, ಅದರ ಕಿವಿಗೂ ನೋವಾಗುತ್ತಿತ್ತು. ಮೂರು ವಾರದಿಂದ ನನ್ನ ಗಂಟೆ ಊರಿಗೆಲ್ಲ ಕೇಳುವ ಹಾಗೆ ಕೂಗುತ್ತಿತ್ತು, ನನ್ನೊಬ್ಬನನ್ನು ಬಿಟ್ಟು.

ಆದರೂ ಸಾವಿರದ ಅರವತ್ತರ ಸ್ವರ ನನಗೆ ಕೇಳಿಸದೇ? ಅಷ್ಟೇನೂ ಕಿವುಡನಲ್ಲ ನಾನು. ಭೂತಗನ್ನಡಿ ಹಿಡಿದು ಕಂಡೆನ್ಸರಿನ ಮೇಲಿನ ಇರುವೆಯಂಥ ಅಕ್ಷರ ಓದಿದೆ. ನೂರ ನಾಲ್ಕು ಎಂದಿರಬೇಕಾದಲ್ಲಿ ನೂರ ಮೂರು ಎಂದಿತ್ತು. ನಿನಗೆ ಬಿಡಿಸಿ ಹೇಳಬೇಕಾಗಿಲ್ಲ, ಹತ್ತರಲ್ಲಿ ಒಂದು ಪಾಲು, ಅಂದರೆ ಒನಕೆ ಹತ್ತರಷ್ಟು ಬೇಗ. ಕಂಪ್ಯೂಟರಿನಲ್ಲೂ ಅದನ್ನೇ ಹಾಕಿ ಗುಂಡಿ ಒತ್ತಿದೆ. ಸೆಕೆಂಡಿಗೆ ಹತ್ತು ಸಾವಿರದ ಮೇಲೆ ಹೋಯಿತು. ಅದು ನನ್ನ ವಯಸ್ಸಿನ ಕಿವಿಗೆ ಸಿಗುವ ಸ್ವರ ಅಲ್ಲ. ಸುಳ್ಳ ಎಂದು ಬೈದದ್ದಕ್ಕೆ ಕಂಪ್ಯೂಟರಿನ ಹತ್ತಿರ ತಪ್ಪಾಯಿತು ಎಂದೆ.

ಈಗ ಬರುವುದು ಡಬ್ಬಿಯ ಕಥೆ. ನಮ್ಮ ಅಂಗಡಿಯ ಡಬ್ಬಿಗಳಿಗೆ ಮೀನಿನ ಹೆಸರು ಏಕೆಂದು ನೀನು ಸಣ್ಣವಳಿದ್ದಾಗ ಕೇಳಿದ್ದೆ. ಮದುವೆಯಾದ ಹೊಸತರಲ್ಲಿ, ಮಳೆಗಾಲ ಮೀನು ವ್ಯಾಪಾರ ಇಲ್ಲದಾಗ ನಿನ್ನ ಅಜ್ಜಿ ಅಂಗಡಿಗೆ ಬಂದು ಕೂರುತ್ತಿದ್ದಳು. ಅವಳಿಗೆ ಇಂಗ್ಲಿಷ್ ನಂಬರು ಬಾರದು. ಅದಕ್ಕೇ ನೂರ ಮೂರಕ್ಕೆ ಸಣ್ಣ ಮೀನು ಬೈಗೆ, ಅದರ ಹತ್ತರಷ್ಟಿರುವ ನೂರ ನಾಲ್ಕಕ್ಕೆ ಅದಕ್ಕಿಂತ ದೊಡ್ಡ ಮೀನು ಬಂಗ್ಡೆ, ಇನ್ನೂ ದೊಡ್ಡ ಕಂಡೆನ್ಸರಿಗೆ ಅಂಜಲ್ ಎಂದು ಹೆಸರಿಟ್ಟೆವು. ಡಬ್ಬಿಗಳ ಮೇಲೆ ಮೀನಿನ ಚಿತ್ರ ಬಿಡಿಸಿದ್ದೂ ಅವಳೇ. ನಾನು ಕಣ್ಣೆತ್ತದೆ ‘ಎರ್ಡ್ ಬಂಗ್ಡೆ ಕೊಡ್’ ಎಂದರೆ ಅಂಗೈಗೆ ಬಂದು ಬೀಳುತ್ತಿತ್ತು. ಜುಲೈಯಲ್ಲಿ ಆಸಾಡಿ ಅಮಾಸೆಯ ಹಿಂದಿನ ದಿನ ನನಗೆ ಜ್ವರ ಬಂದಿತ್ತಲ್ಲ, ಅವತ್ತು ಅಂಗಡಿಯ ತುಕ್ಕು ಹಿಡಿದ ಶೆಲ್ಫ್ ಕುಸಿದು ಡಬ್ಬಿಗಳೆಲ್ಲ ನೆಲಕ್ಕೆ ಚೆಲ್ಲಿದವಂತೆ. ನನಗೆ ಹೇಳಿದರೆ ಜ್ವರದಲ್ಲೇ ಎದ್ದು ಓಡುತ್ತೇನೆಂದು ಪದ್ದು ಗುಟ್ಟಾಗಿ ಹೋಗಿ, ಒಂದೊಂದನ್ನೇ ಹೆಕ್ಕಿ ವಿಂಗಡಿಸಿ, ಡಬ್ಬಿಗೆ ತುಂಬಿ ಬಂದಿದ್ದಾಳೆ. ಹೇಗೆ ವಿಂಗಡಿಸಿದೆ ಎಂದು ಕೇಳಿದರೆ ಸೊಂಟಕ್ಕೆ ಕೈ ಕೊಟ್ಟು ಹೇಳಿದಳು: ‘ಹ್ವಾಯ್, ಸಣ್ಣದ್ ಬೈಗೆ, ದೊಡ್ಡದ್ ಬಂಗ್ಡೆ. ನಲ್ವತ್ ವರ್ಷ ಮೀನ್ ಮಾರದ್ ಹೆಂಗ್ಸಿಗೆ ಅಷ್ಟ್ ಗೊತ್ತಿಲ್ಯಾ?’ ಹಳೆಯ ಟೀವಿಗಳಿಂದ ಕಿತ್ತ ನೂರ ಮೂರುಗಳು ಎಂಟಾಣೆಯಷ್ಟು ದಪ್ಪ. ಈಗಿನ ನೂರ ನಾಲ್ಕುಗಳು ಮೆಣಸಿನ ಬೀಜದಷ್ಟು. ಹೀಗಾಗಿ ಬೈಗೆಯೆಲ್ಲ ಬಂಗ್ಡೆ ಡಬ್ಬಿಗೆ, ಬಂಗ್ಡೆಯೆಲ್ಲ ಬೈಗೆ ಡಬ್ಬಿಗೆ. ಸಿಟ್ಟು ಮಾಡಲು ಬಾಯಿ ತೆರೆದೆ, ಬರಲಿಲ್ಲ. ಮೊಣಕಾಲು ನೋವಿನಲ್ಲಿ ನೆಲದ ಮೇಲೆ ಕೂತು ಇನ್ನೂರು ಬೀಜ ಹೆಕ್ಕಿದ್ದಾಳೆ. ನಂಬರು ಓದದೆ ಡಬ್ಬಿಯ ಮೀನು ನೋಡಿ ಕೈ ಹಾಕಿದವನು ನಾನು. ಅವಳು ಮಾತ್ರ ಈಗಲೂ ಒಪ್ಪಿಲ್ಲ. ತಪ್ಪು ಕಂಪೆನಿಯವರದ್ದಂತೆ, ಬಂಗ್ಡೆಯನ್ನು ಅಷ್ಟು ಸಣ್ಣ ಮಾಡಬಾರದಿತ್ತಂತೆ.

ಕಂಡೆನ್ಸರ್ ಬದಲಿಸಿದೆ. ಒತ್ತಿದೆ. ‘ಪೀಂ’ ಎಂದಿತು. ನನಗೆ ಕೇಳಿಸಿತು ಮಗಾ. ಟೈಗರ್ ಮೆಟ್ಟಿಲ ಮೇಲೆ ಮಲಗಿದ್ದದ್ದು ಒಂದು ಕಣ್ಣು ತೆರೆದು ನೋಡಿ ಮತ್ತೆ ಮಲಗಿತು. ಮಾರನೇ ದಿನವೇ ಬ್ರಹ್ಮಾವರದ ಬಸ್ಸು ಹತ್ತಿದೆ. ಜಲಜಕ್ಕನ ಅಂಗೈಗೆ ಗುಂಡಿ ಕೊಟ್ಟು ಒತ್ತಿಸಿದರೆ, ಹಿತ್ತಿಲಿನಿಂದ ಸೊಸೆ ಕೈಯಲ್ಲಿ ಕತ್ತಿ ಹಿಡಿದುಕೊಂಡೇ ಓಡಿ ಬಂದಳು, ಏನಾಯಿತೋ ಎಂದು. ಏನೂ ಆಗಿರಲಿಲ್ಲ, ಅಕ್ಕನಿಗೆ ನಗು ಬಂದಿತ್ತು, ಅಷ್ಟೆ. ಮೂರು ಸಲ ಸುಮ್ಮಸುಮ್ಮನೆ ಕರೆಸಿಕೊಂಡಳು. ನಾಲ್ಕನೇ ಸಲ ಸೊಸೆ ಬೈದಾಗ, ‘ಇದ್ ಹಕ್ಕಿ ಅಲ್ಲ, ನಾನ್’ ಎಂದಳು. ಚೌತಿಯ ದಿನ ನಿನ್ನ ಅಪ್ಪ ಅಂಗಡಿಯ ಬೀಗದ ಕೈಗೆ ಹೊಸ ದಾರ ಕಟ್ಟಿ ನನ್ನ ಕೊರಳಿಗೇ ಹಾಕಿದ. ಕೆಲಸ ಮುಗಿದಾಗ ಸೋಲ್ಡರಿಂಗ್ ಐರನ್ ತಾನಾಗಿ ಆರುವ ಸ್ವಿಚ್ಚನ್ನೂ ತಂದು ಹಾಕಿಸಿದ್ದಾನೆ. ಐರನ್ ಮರೆತದ್ದು ನಿಜವೇ, ಅದನ್ನು ಕಿವಿಯ ಮೇಲೆ ಹೊರಿಸಲಾಗದು. ಹಾಗಾಗಿ ಸುಮ್ಮನೆ ಒಪ್ಪಿಕೊಂಡೆ.

ಆಮೇಲೆ ವನಜಳೇ ಹಟ ಮಾಡಿ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಗಾಜಿನ ಗೂಡಿನಲ್ಲಿ ಕೂರಿಸಿ, ಸ್ವರ ಕೇಳಿದರೆ ಗುಂಡಿ ಒತ್ತು ಎಂದರು. ಅದೂ ಆಸಿಲೇಟರೇ! ಮೊದಮೊದಲು ‘ಇದು ಐನೂರು, ಇದು ಸಾವಿರ’ ಎಂದು ನಾನೇ ಹೇಳುತ್ತ ಹೋದೆ, ಪರೀಕ್ಷೆ ಮಾಡುತ್ತಿದ್ದ ಹುಡುಗಿ ಬೆರಗಾದಳು. ಮೂರು ಸಾವಿರದ ಮೇಲೆ ನಾನು ಗುಂಡಿ ಒತ್ತಲೇ ಇಲ್ಲ. ಅವಳು ಎಷ್ಟು ಹೊತ್ತಿನಿಂದ ಸ್ವರ ಕೊಡುತ್ತಿದ್ದಳೋ, ನಾನು ಇನ್ನೂ ಶುರುವಾಗಿಲ್ಲ ಎಂದು ಕಾಯುತ್ತಿದ್ದೆ. ಮಾತಿನ ಸಣ್ಣ ಅಕ್ಷರಗಳೆಲ್ಲ ಇರುವುದು ಅಲ್ಲೇ ಮೇಲೆ ಎಂದು ಡಾಕ್ಟರು ಹೇಳಿದರು. ಗಲಾಟೆಯಲ್ಲಿ, ಫೋನಿನಲ್ಲಿ ಅವು ಬಿದ್ದುಹೋಗುತ್ತವಂತೆ. ನೆನಪಿನ ಪರೀಕ್ಷೆಯನ್ನೂ ನಾನೇ ಕೇಳಿ ಮಾಡಿಸಿದೆ. ಹತ್ತು ವಸ್ತು ಹೇಳಿ ಅರ್ಧ ಗಂಟೆ ಬಿಟ್ಟು ಕೇಳಿದರು. ಒಂಬತ್ತು ಹೇಳಿದೆ. ಹತ್ತನೆಯದು ಕೊಡೆ. ಕೊಡೆ ಮರೆಯದ ಮನುಷ್ಯ ಕುಂದಾಪುರದಲ್ಲಿ ಯಾರಿದ್ದಾರೆ? ಹೊರಗೆ ಬಂದು ಗಾಂಧಿ ಮೈದಾನದ ಬದಿಯಲ್ಲಿ ನಾನೂ ನಿನ್ನ ಅಮ್ಮನೂ ಎರಡೆರಡು ಗೋಲಿಬಜೆ ತಿಂದೆವು. ಎಷ್ಟೋ ದಿನದ ಮೇಲೆ ತಿಂದದ್ದು ರುಚಿಯಾಯಿತು.

ಇಷ್ಟು ಬರೆಯುವಾಗ ಬೆರಳು ಜೋಮು ಹಿಡಿಯಿತು. ಅಜ್ಜಿ ಕೊಬ್ಬರಿ ಎಣ್ಣೆ ಹಚ್ಚು ಎನ್ನುತ್ತಿದ್ದಾಳೆ, ಬೆರಳಿಗೋ ನಿನ್ನ ತಲೆಗೋ ಸರಿಯಾಗಿ ಕೇಳಲಿಲ್ಲ. ಎರಡಕ್ಕೂ ಎಂದಿಟ್ಟುಕೋ. ಅಪ್ಪ ಅಮ್ಮ ನಿನ್ನನ್ನು ದಿನವೂ ನೆನೆಯುತ್ತಾರೆ. ಈಜಿನಲ್ಲಿ ಮೊದಲು ಬಂದೆ ಎಂದು ಕೇಳಿ ಕೋಡಿಯ ಅರ್ಧ ಊರಿಗೆ ಹೇಳಿಬಂದಿದ್ದೇನೆ, ಉಳಿದರ್ಧಕ್ಕೆ ಅಜ್ಜಿ ಹೇಳಿದ್ದಾಳೆ. ಕಡಲಮ್ಮ ನಿನ್ನನ್ನು ಮಗಳ ಹಾಗೆ ಹೊತ್ತುಕೊಳ್ಳಲಿ, ಹೋದ ದಾರಿಯಲ್ಲೇ ಸುಖವಾಗಿ ಮರಳಿ ತರಲಿ.

ನಿನ್ನ ಅಜ್ಜ,
ಸುಬ್ಬ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಇಲ್ಲಿಗೆ ತಳ್ಳಿದ್ದು. ಅಂಚೆಯವರು ಚೀಲ ಕಟ್ಟುವ ಮುಂಚೆ ಮುಗಿಸುತ್ತೇನೆ. ಜೂನಿನಲ್ಲಿ ಮೂಡ್ಲಕಟ್ಟೆ ಸ್ಟೇಷನ್ನಿನಲ್ಲಿ ರೈಲು ಹೊರಟಾಗ ನೀನು ಬಾಗಿಲಲ್ಲಿ ನಿಂತು ನನಗೆ ಏನೋ ಹೇಳಿದೆ. ನಾನು ‘ಹೂಂ, ಹೂಂ’ ಎಂದು ತಲೆಯಾಡಿಸಿದೆ. ಆಮೇಲೆ ಮೊದಲ ಭಾನುವಾರ ಫೋನಿನಲ್ಲಿ, ‘ಅಜ್ಜ, ನಾ ರೈಲಂಗೆ ಹೇಳದ್ದ್ ಮಾಡಿದ್ರ್ಯಾ?’ ಎಂದು ಕೇಳಿದೆ. ನಾನು ಎಷ್ಟು ಹುಡುಕಿದರೂ ನೀನು ಹೇಳಿದ ಒಂದು ಅಕ್ಷರವೂ ನನ್ನ ತಲೆಯಲ್ಲಿ ಇರಲಿಲ್ಲ. ಮಾಡಿದ್ದೇನೆ ಎಂದು ಸುಳ್ಳು ಹೇಳಿ ಅಜ್ಜಿಗೆ ಕೊಟ್ಟೆ. ನನ್ನ ಹೆದರಿಕೆ ಹುಟ್ಟಿದ್ದು ಅವತ್ತು. ಅಂದಿನಿಂದ ನಿನ್ನ ಫೋನಿಗೇ ಹೆದರಿ ದೂರ ಕೂರುತ್ತಿದ್ದೆ. ಈಗ ಗೊತ್ತಾಯಿತು, ನೀನು ಹೇಳಿದ್ದನ್ನು ನಾನು ಮರೆತದ್ದಲ್ಲ ಮಗಾ, ನನಗೆ ಕೇಳಿಸಿಯೇ ಇರಲಿಲ್ಲ. ಕಿವಿಯ ಮಿಷನ್ನು ಗುರುವಾರ ಬರುತ್ತದೆ. ಈ ಕಾಗದ ಕೈಗೆ ಸಿಕ್ಕಿದ ಮೇಲಿನ ಭಾನುವಾರ ಫೋನನ್ನು ಮೊದಲು ನನಗೇ ಕೊಡಲು ಹೇಳು. ರೈಲಿನಲ್ಲಿ ಏನು ಹೇಳಿದ್ದೆ, ಇನ್ನೊಮ್ಮೆ ಹೇಳು. ಆ ಕೆಲಸ ಇನ್ನೂ ಆಗಿಲ್ಲ, ನಾನು ಮಾಡುತ್ತೇನೆ.